ಬ್ಯಾಂಡ್ ಬೇಕು ಅನ್ನೋಕೆ ನಾಚಿಕೆ ಯಾಕೆ?

ಹಾಡು ಕೇಳುವವರ ಪ್ರಶ್ನೆ, ಕ್ಯಾಸೆಟ್ ಅಂಗಡಿಯವನ ಉತ್ತರ

ಪ್ರಶ್ನೆ: ನಾನು ದಾವಣಗೆರೆಯವನು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಮೇ ತಿಂಗಳಲ್ಲಿ ಊರಲ್ಲೇ ನನ್ನ ಮದುವೆ. ಮೆರವಣಿಗೆಗೆ ಡಿಜೆ ಬೇಡ, ಬ್ಯಾಂಡ್ ಸೆಟ್ ಇರಲಿ ಅಂದೆ. ತಮ್ಮ ಬಿದ್ದು ಬಿದ್ದು ನಕ್ಕ. ಗೆಳೆಯರು ವಾಟ್ಸಾಪ್ ಗ್ರೂಪಿನ ಹೆಸರನ್ನೇ ‘ಅಜ್ಜನ ಮದುವೆ’ ಅಂತ ಬದಲಾಯಿಸಿದ್ದಾರೆ. ಚಿಕ್ಕಂದಿನಿಂದ ನನಗೆ ಬ್ಯಾಂಡ್ ಅಂದ್ರೆ ಪ್ರಾಣ. ಆದರೆ ಯಾಕೆ ಇಷ್ಟ ಅಂತ ಕೇಳಿದರೆ ಬಾಯಿ ಬರಲ್ಲ. ‘ಅವರವರ ಇಷ್ಟ ಅವರವರಿಗೆ’ ಅಂದು ಸುಮ್ಮನಾಗಿದ್ದೇನೆ. ಇವರಿಗೆ ಏನು ಹೇಳಲಿ?
– ವಿದ್ಯಾನಗರ, ದಾವಣಗೆರೆ

ಉತ್ತರ: ಮೊದಲು ಆ ‘ಅವರವರ ಇಷ್ಟ ಅವರವರಿಗೆ’ ಅನ್ನೋ ಮಾತು ಬಿಡಿ. ಜಗಳ ತಪ್ಪಿಸೋಕೆ ಅದು ಸಾಕು, ಬ್ಯಾಂಡ್ ಉಳಿಸೋಕೆ ಸಾಲದು. ನಿಮಗೆ ಇಷ್ಟು ವರ್ಷ ಇಷ್ಟ ಆಗಿದೆ ಅಂದ್ರೆ ಅದರಲ್ಲಿ ಏನೋ ಇದೆ. ಅದನ್ನು ಕೈ ಮಾಡಿ ತೋರಿಸಬೇಕು.

1983ರಿಂದ 2005ರವರೆಗೆ ಮಂಡಿಪೇಟೆ ಕಡೆ ನನ್ನ ಕ್ಯಾಸೆಟ್ ಅಂಗಡಿ ಇತ್ತು. ಜನ ಹಾಡಿನ ಪಟ್ಟಿ ಬರೆದು ತರುತ್ತಿದ್ದರು. ಸಿಗರೇಟ್ ಪ್ಯಾಕಿನ ಒಳಮೈ ಮೇಲೆ, ಲಗ್ನಪತ್ರಿಕೆಯ ಹಿಂದೆ, ಮಕ್ಕಳ ನೋಟ್‌ಬುಕ್ಕಿನ ಹಾಳೆಯಲ್ಲಿ. ಖಾಲಿ ಕ್ಯಾಸೆಟ್ಟಿಗೆ ನಾನು ತುಂಬಿಸಿ ಕೊಡುತ್ತಿದ್ದೆ. ಪಟ್ಟಿಯ ಮೊದಲ ಎಂಟು–ಹತ್ತು ಹಾಡು ಎಲ್ಲರದೂ ಹೆಚ್ಚುಕಡಿಮೆ ಒಂದೇ. ಆ ವರ್ಷ ಓಡಿದ ಸಿನಿಮಾದವು. ಕೊನೆಗೆ ಸಣ್ಣ ಅಕ್ಷರದಲ್ಲಿ ಒಂದೋ ಎರಡೋ ಇರುತ್ತಿದ್ದವು. ಪಕ್ಕದಲ್ಲಿ ‘ಟೇಪು ಉಳಿದರೆ ಹಾಕಿ’ ಅಂತ ಬರೆದಿರುತ್ತಿತ್ತು. ಕಂಪನಿ ನಾಟಕದ ಹಾಸ್ಯದ ಪದ, ಗೀಗೀ ಪದ, ಯಾವುದೋ ಊರಿನ ಭಜನೆ ಮೇಳ. ಅದೇ ಅವರ ನಿಜವಾದ ಹಾಡು ಅಂತ ನನಗೆ ಗೊತ್ತಾಗಿಬಿಟ್ಟಿತ್ತು. ಎಷ್ಟೋ ಸಲ ಅದನ್ನೇ ಮೊದಲು ತುಂಬಿಸಿ ಕೊಟ್ಟಿದ್ದೇನೆ. ಯಾರೂ ಬೈಯಲಿಲ್ಲ.

ಆಗ ನನಗೊಂದು ಅಭ್ಯಾಸ ಹತ್ತಿತು. ಆ ಕೊನೆಯ ಹಾಡಿಗೆ ಬೆರಳಿಟ್ಟು, ‘ಇದರಲ್ಲಿ ಯಾವ ಜಾಗ ಇಷ್ಟ?’ ಅಂತ ಕೇಳುತ್ತಿದ್ದೆ. ಒಬ್ಬರು ಬ್ಯಾಂಕಿನವರು ತಬ್ಬಿಬ್ಬಾಗಿ ಹೋಗಿದ್ದರು. ಎರಡು ದಿನ ಬಿಟ್ಟು ಬಂದು, ‘ಎರಡನೇ ಚರಣ ಮುಗೀತದಲ್ಲ, ತಿರುಗಿ ಪಲ್ಲವಿಗೆ ಬರೋಕೆ ಮುಂಚೆ ಆಕೆ ಉಸಿರು ಎಳಕೊಳ್ಳೋದು ಕೇಳುತ್ತೆ ನೋಡ್ರಿ, ಅಲ್ಲಿ’ ಅಂದರು. ಎರಡು ದಿನ ಅದನ್ನೇ ಹುಡುಕಿದ್ದರು. ಇದಕ್ಕಿಂತ ದೊಡ್ಡ ಸಮರ್ಥನೆ ನಾನು ಕೇಳಿಲ್ಲ.

ನಿಮಗೂ ಅದೇ ಪ್ರಶ್ನೆ. ಬ್ಯಾಂಡಿನಲ್ಲಿ ಯಾವ ಜಾಗ? ಹುಡುಕುತ್ತಾ ಇರಿ. ಅಷ್ಟರಲ್ಲಿ ನನ್ನದು ಹೇಳುತ್ತೇನೆ.

ಅಂಗಡಿಗೆ ಬ್ಯಾಂಡಿನ ಕ್ಲಾರಿನೆಟ್ ಊದುವವರು ಒಬ್ಬರು ಬರುತ್ತಿದ್ದರು. ಅವರ ಬಾಯಲ್ಲಿ ಅದು ‘ಕ್ಲಾರ್ನೆಟ್ಟು’. ಮನೆಯಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ. ಹೊಸ ಸಿನಿಮಾ ಬಂತು ಅಂದ್ರೆ, ‘ಅಣ್ಣಾ, ಆ ಹಾಡು ಒಂದ್ ಮೂರು ಸಲ ಹಾಕ್ರಿ’ ಅನ್ನುತ್ತಿದ್ದರು. ಒಳಗೆ ಬಾ ಅಂದ್ರೂ ಬರುತ್ತಿರಲಿಲ್ಲ. ಹೊರಗೆ ಕಟ್ಟೆ ಪಕ್ಕ ನಿಂತು, ಮಡಚಿದ ಛತ್ರಿಯನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದು, ಕಣ್ಣು ಮುಚ್ಚುತ್ತಿದ್ದರು. ಮೊದಲ ಸಲ ಬೆರಳು ಅಲುಗುತ್ತಿರಲಿಲ್ಲ. ಎರಡನೇ ಸಲಕ್ಕೆ ಛತ್ರಿಯ ಮೇಲೆ ಬೆರಳು ಏಳುವುದು, ಕೂರುವುದು ಶುರುವಾಗುತ್ತಿತ್ತು. ಮೂರನೇ ಸಲಕ್ಕೆ ಪಲ್ಲವಿನೂ ಬೇಡ, ಚರಣನೂ ಬೇಡ. ‘ನಡುವಿನ ಮ್ಯೂಸಿಕ್ ಅಷ್ಟೇ ಹಾಕ್ರಿ.’ ಅಲ್ಲಿ ಇಪ್ಪತ್ತು ಪಿಟೀಲು, ಕೊಳಲು, ಗಿಟಾರು ಎಲ್ಲ ಒಟ್ಟಿಗೆ ಬರುತ್ತವೆ. ಇವರ ಹತ್ತಿರ ಇರೋದು ಒಂದೇ ವಾದ್ಯ. ಅಷ್ಟರಲ್ಲಿ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು? ಆ ತೀರ್ಮಾನ ನನ್ನ ಅಂಗಡಿ ಮುಂದೆ, ಸೈಕಲ್ ಬೆಲ್ಲು, ಲಾರಿ ಹಾರನ್ನಿನ ನಡುವೆ ಆಗುತ್ತಿತ್ತು. ಕಾಗದ ಇಲ್ಲ, ಸ್ವರ ಬರೆದುಕೊಂಡಿದ್ದಿಲ್ಲ. ಸಂಜೆಗೆ ಅದೇ ಹಾಡು ಚೌಕಿಪೇಟೆಯಲ್ಲಿ ಮದುಮಗನ ಮುಂದೆ ಹೋಗುತ್ತಿತ್ತು.

ಒಂದು ಸಂಜೆ ಅಂಗಡಿಯನ್ನು ಹುಡುಗನ ಕೈಗೆ ಬಿಟ್ಟು ನಾನೂ ಹಿಂದೆ ಹೋದೆ. ತಲೆ ಮೇಲೆ ಗ್ಯಾಸ್ ಲೈಟ್ ಹೊತ್ತವರು ಎರಡೂ ಬದಿ. ಊದೋಕೆ ಮುಂಚೆ ಅವರು ರೀಡನ್ನು ಬಾಯಲ್ಲಿಟ್ಟು ನೆನೆಸುತ್ತಿದ್ದರು. ರೀಡ್ ಅಂದ್ರೆ ಜೊಂಡಿನ ತೆಳು ಪಟ್ಟಿ, ಅದು ಅದುರಿದರೇ ದನಿ. ತುದಿ ಸ್ವಲ್ಪ ದಪ್ಪ ಅನಿಸಿತೇನೋ, ಜೇಬಿನಿಂದ ಬ್ಲೇಡ್ ತೆಗೆದು, ಉಗುರಿನ ಮೇಲಿಟ್ಟು ಒಂದೆರಡು ಸಲ ಹೆರೆದರು. ವಾದ್ಯದ ಒಂದು ಕೀಲಿಗೆ ಸ್ಪ್ರಿಂಗ್ ಹೋಗಿತ್ತು, ಅಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದ್ದರು. ಆಮೇಲೆ ಹಾಡು ಶುರು. ಪಲ್ಲವಿಯ ಕೊನೆಯ ಅಕ್ಷರಕ್ಕೆ ಬಂದಾಗ ಬೆರಳನ್ನು ತೂತಿನಿಂದ ಪೂರ್ತಿ ಎತ್ತಲಿಲ್ಲ. ಪಕ್ಕಕ್ಕೆ ನಿಧಾನ ಸರಿಸಿದರು. ಸ್ವರ ಮೆಟ್ಟಿಲು ಇಳಿಯಲಿಲ್ಲ, ಜಾರಿತು. ಹೆಣ್ಣುಮಕ್ಕಳು ಹಾಡುವಾಗ ದನಿ ಜಾರುತ್ತಲ್ಲ, ಹಾಗೆಯೇ. ಕ್ಲಾರಿನೆಟ್ಟಿನಲ್ಲಿ ಕೆಲವು ತೂತುಗಳನ್ನು ಬೆರಳೇ ನೇರವಾಗಿ ಮುಚ್ಚುತ್ತೆ, ಅದಕ್ಕೇ ಈ ಆಟ ಸಾಧ್ಯ. ನನ್ನ ಜಾಗ ಅದು. ಇವತ್ತಿಗೂ ಬ್ಯಾಂಡ್ ಸದ್ದು ಕೇಳಿದರೆ ಆ ಜಾರುವಿಕೆ ಬರುತ್ತಾ ಅಂತ ಕಾಯುತ್ತೇನೆ.

ಇನ್ನೊಂದು ಜಾಗ ಸೈಡ್ ಡ್ರಮ್ಮಿನದು. ಅದರ ಕೆಳಮೈಗೆ ತಂತಿ ಬಿಗಿದಿರುತ್ತಾರೆ. ಅದಕ್ಕೇ ಆ ‘ಸರ್ರ್’ ಅನ್ನೋ ಸದ್ದು. ಆದರೆ ನಾನು ಹೇಳಬೇಕು ಅಂದದ್ದು ಬೇರೆ. ಡ್ರಮ್ಮಿನವನ ಕಣ್ಣು ಡ್ರಮ್ಮಿನ ಮೇಲೆ ಇರಲ್ಲ, ಹಿಂದೆ ನಡೆಯುವ ಜನರ ಮೇಲೆ ಇರುತ್ತೆ. ಮಂಡಿನೋವಿನ ದೊಡ್ಡಮ್ಮ ಹಿಂದೆ ಬಿದ್ದರೆ ತಾಳ ನಿಧಾನ ಆಗುತ್ತೆ. ಹುಡುಗರು ಕುಣಿಯೋಕೆ ನಿಂತರೆ ಹಾಡು ಮುಗಿದರೂ ಮುಗಿಯಲ್ಲ, ಅದೇ ಸಾಲು ನಾಲ್ಕು ಸಲ ತಿರುಗುತ್ತೆ. ಗುಡಿ ಮುಂದೆ ಬಂದರೆ ಸಿನಿಮಾ ಹಾಡು ನಿಂತು ದೇವರ ಹಾಡು. ಸಾವಾದ ಮನೆ ಇದ್ದರೆ ಆ ಮನೆ ದಾಟುವವರೆಗೂ ಯಾರೂ ಉಸಿರು ಬಿಡಲ್ಲ, ಬರೀ ಚಪ್ಪಲಿ ಸದ್ದು. ಡಿಜೆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವರ ಕೈಯಲ್ಲಿರುವ ಹಾಡು ನಾಲ್ಕು ನಿಮಿಷದ್ದಾದರೆ ನಾಲ್ಕೇ ನಿಮಿಷ. ಅದಕ್ಕೆ ನಿಮ್ಮ ದೊಡ್ಡಮ್ಮ ಕಾಣಲ್ಲ.

‘ಇಂಗ್ಲಿಷರು ಬಿಟ್ಟುಹೋದ ಪೀಪಿ, ನಮ್ಮದೇನಿದೆ’ ಅಂತಲೂ ಯಾರಾದರೂ ಅನ್ನುತ್ತಾರೆ. ಅವರಿಗೆ ಇದನ್ನು ಹೇಳಿ. ಸಂಗೀತ ಕಲಿಯೋಕೆ ಕೂತ ಮಕ್ಕಳು ‘ಶಕ್ತಿ ಸಹಿತ ಗಣಪತಿಂ’ ಹಾಡುತ್ತಾರಲ್ಲ, ಅದು ಮುತ್ತುಸ್ವಾಮಿ ದೀಕ್ಷಿತರ ನೋಟುಸ್ವರ. ಮದರಾಸಿನ ಕಡೆ ಇಂಗ್ಲಿಷ್ ಬ್ಯಾಂಡಿನವರು ಬಾರಿಸುತ್ತಿದ್ದ ಧಾಟಿಗಳನ್ನು ಕೇಳಿ, ಅವಕ್ಕೆ ಸಂಸ್ಕೃತದಲ್ಲಿ ಸಾಹಿತ್ಯ ಕೂಡಿಸಿದರು. ಅಂಥವು ಸುಮಾರು 40 ಇವೆ. ಅವರ ತಮ್ಮ ಬಾಲಸ್ವಾಮಿ ದೀಕ್ಷಿತರು ಇಂಗ್ಲಿಷರಿಂದ ಪಿಟೀಲು ಕಲಿತರು. ಇವತ್ತು ಪಿಟೀಲಿಲ್ಲದ ಕಚೇರಿ ಉಂಟಾ? ಇನ್ನು ಕದ್ರಿ ಗೋಪಾಲನಾಥರು. ನಾಗಸ್ವರದವರ ಮಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಹುಚ್ಚು ಹಿಡಿಸಿಕೊಂಡರು. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಆ ವಾದ್ಯವನ್ನು ಸ್ವರ ಜಾರಿಸಿ, ತೂಗಿಸುವ ನಮ್ಮ ಗಮಕ ನುಡಿಯುವ ಹಾಗೆ ಪಳಗಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಬಿಬಿಸಿಯ ದೊಡ್ಡ ಸಂಗೀತೋತ್ಸವದಲ್ಲಿ ಅದನ್ನೇ ನುಡಿಸಿ ಬಂದರು. ದೀಕ್ಷಿತರೂ ಗೋಪಾಲನಾಥರೂ ಬ್ಯಾಂಡ್ ಕೇಳಿ ನಗಲಿಲ್ಲ. ಕಿವಿ ಕೊಟ್ಟರು.

ಈಗ ಕೆಲಸದ ಮಾತು. ನನ್ನ ಮಗಳ ಮದುವೆಯಲ್ಲಿ ನಾನೊಂದು ತಪ್ಪು ಮಾಡಿದೆ. ಬ್ಯಾಂಡಿನವರಿಗೆ ಮುಂಗಡ ಕೊಟ್ಟೆ, ಕಲ್ಯಾಣ ಮಂಟಪದವರಿಗೆ ಹೇಳಲಿಲ್ಲ. ಮೆರವಣಿಗೆ ಬಾಗಿಲಿಗೆ ಬಂದಾಗ ಅಲ್ಲಿನ ಮ್ಯಾನೇಜರ್ ಗೇಟಿಗೆ ಅಡ್ಡ ನಿಂತು, ‘ಬ್ಯಾಂಡಿನವರು ಒಳಗೆ ಬರಂಗಿಲ್ಲ’ ಅಂದರು. ಒಳಗೆ ಡಿಜೆ ಪೆಟ್ಟಿಗೆಗೆ ಜಾಗ ಇತ್ತು. ಬೀಗರ ಮುಂದೆ ಗಲಾಟೆ ಬೇಡ ಅಂತ ನಾನೂ ಬಾಯಿ ಮುಚ್ಚಿಕೊಂಡೆ. ಕೆಂಪು ಕೋಟು ಹಾಕಿದ ಹನ್ನೊಂದು ಜನ ಗೇಟಿನ ಹೊರಗೆ, ಬೈಕುಗಳ ನಡುವೆ, ಒಂದು ಗಂಟೆ ನಿಂತಿದ್ದರು. ಅವರಲ್ಲಿ ಆ ಛತ್ರಿಯವರ ಮಗನೂ ಇದ್ದ. ಊಟಕ್ಕೆ ಕರೆಯೋಕೆ ಹೋದಾಗ ಅವನು, ‘ಇರ್ಲಿ ಬಿಡಣ್ಣ, ನಮಗೆ ಇದು ರೂಢಿ’ ಅಂದ. ಆ ಮಾತು ನನಗೆ ಇನ್ನೂ ಚುಚ್ಚುತ್ತೆ.

ನೀವು ಹಾಗೆ ಮಾಡಬೇಡಿ. ಮಂಟಪ ಬುಕ್ ಮಾಡುವಾಗಲೇ ಕೇಳಿ. ಹಾಡಿನ ಪಟ್ಟಿಯನ್ನು ಹದಿನೈದು ದಿನ ಮುಂಚೆ ಕೊಡಿ, ನಿಮ್ಮ ಗೆಳೆಯರಿಗೆ ಇಷ್ಟದ ಹೊಸ ಹಾಡು ನಾಲ್ಕಾದರೂ ಇರಲಿ. ಕಲಿತು ಬರುತ್ತಾರೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬೀದಿಯಲ್ಲಿ ಧ್ವನಿವರ್ಧಕವೂ ಇಲ್ಲ, ವಾದ್ಯವೂ ಇಲ್ಲ ಅನ್ನೋ ನಿಯಮ ಇದೆ. ಅದಕ್ಕೆ ಮೆರವಣಿಗೆ ಏಳಕ್ಕೇ ಹೊರಡಲಿ. ಬ್ಯಾಂಡಿನವರನ್ನು ಮೊದಲ ಪಂಕ್ತಿಯಲ್ಲೇ ಕೂರಿಸಿ. ಹೊಟ್ಟೆ ಹಸಿದವರ ಹತ್ತಿರ ಊದಿಸಬಾರದು. ಮತ್ತೆ ತಮ್ಮನನ್ನು ಮೆರವಣಿಗೆಯಲ್ಲಿ ಕ್ಲಾರಿನೆಟ್ಟಿನವರ ಪಕ್ಕದಲ್ಲೇ ನಡೆಸಿ. ಹಿಂದೆ ಅಲ್ಲ, ಪಕ್ಕದಲ್ಲಿ. ಮೂರು ಅಡಿ ದೂರದಿಂದ ಕೇಳಿದರೆ ಅದು ಬೇರೆಯೇ ವಾದ್ಯ.

ಪ್ರಶ್ನೆ: 52ನೇ ವಯಸ್ಸಿಗೆ ಹಾರ್ಮೋನಿಯಂ ಕಲಿಯೋಕೆ ಶುರು ಮಾಡಿದ್ದೇನೆ. ನಮ್ಮ ಅತ್ತಿಗೆ ವೀಣೆ ಕಲಿತವರು. ‘ಅದನ್ನ ರೇಡಿಯೊದವರೇ ಹೊರಗೆ ಹಾಕಿದ್ರು, ಅದೂ ಒಂದು ವಾದ್ಯನಾ’ ಅನ್ನುತ್ತಾರೆ. ನಿಜವಾ?
– ಹೊಸದುರ್ಗ

ಉತ್ತರ: ಹೊರಗೆ ಹಾಕಿದ್ದು ನಿಜ. 1940ರ ಮಾರ್ಚಿನಲ್ಲಿ ಆಕಾಶವಾಣಿ ಹಾರ್ಮೋನಿಯಂ ನಿಷೇಧಿಸಿತು. 1971ರಲ್ಲಿ ಷರತ್ತು ಹಾಕಿ ಬಿಗಿ ಸಡಿಲಿಸಿತು. ಕಾರಣವೂ ಸುಳ್ಳಲ್ಲ. ಹಾರ್ಮೋನಿಯಂ ಮನೆಗಳು, ಅಂದ್ರೆ ಬೆರಳಲ್ಲಿ ಒತ್ತುವ ಕೀಲಿಗಳು, ಒಂದೊಂದು ಸ್ವರಕ್ಕೆ ಒಂದೊಂದು. ನಡುವೆ ಜಾರೋಕೆ ಬರಲ್ಲ. ವೀಣೆಯಲ್ಲಿ ತಂತಿ ಎಳೆದ ಹಾಗೆ ಇಲ್ಲಿ ಏನೂ ಎಳೆಯೋಕೆ ಆಗಲ್ಲ. ನಿಮ್ಮ ಅತ್ತಿಗೆ ಅಲ್ಲಿಗೆ ಸರಿ.

ಆದರೆ ಆ 31 ವರ್ಷ ಹಾರ್ಮೋನಿಯಂ ಎಲ್ಲಿತ್ತು? ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಕೈಯಲ್ಲಿತ್ತು. ಬೆಳಗಾವಿಯ ಆರ್.ಕೆ. ಬಿಜಾಪುರೆ ಅವರ ಮುಂದಿತ್ತು. ನಾಟಕ ಕಂಪನಿಗಳಲ್ಲಿ ಕಾಲಿನಿಂದ ತುಳಿಯುವ ದೊಡ್ಡ ಪೆಟ್ಟಿಗೆ ಇತ್ತು. ನಮ್ಮ ದಾವಣಗೆರೆಯ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ನೋಡಿದ ಹಳಬರನ್ನು ಕೇಳಿ. ಪರದೆ ಏಳೋಕೆ ಮುಂಚೆ ಪೆಟ್ಟಿಗೆ ಸದ್ದಿಗೇ ಮೈ ಜುಮ್ಮೆನ್ನುತ್ತಿತ್ತು ಅನ್ನುತ್ತಾರೆ. ತುಳಿಯುವ ಪೆಟ್ಟಿಗೆಯಲ್ಲಿ ಎರಡೂ ಕೈ ಬಿಡುವು, ಅದಕ್ಕೇ ಆ ತುಂಬಿದ ನಾದ. ಮೈಕ್ ಇಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ಶ್ರುತಿ ಮುಟ್ಟಿಸಿದ್ದು ಅದೇ.

ಕಲಿಯಿರಿ. ಜಾರುವುದು ಬೇಕಾದಾಗ ನೀವು ಬಾಯಲ್ಲಿ ಹಾಡಿ. ಪೆಟ್ಟಿಗೆ ದಾರಿ ತೋರಿಸುತ್ತೆ. ಹಾಗೆ ಹಾಡಿದಾಗ ಅತ್ತಿಗೆಯವರನ್ನೂ ಪಕ್ಕ ಕೂರಿಸಿಕೊಳ್ಳಿ.

ಪ್ರಶ್ನೆ: ನಾನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಸಾಹಿತ್ಯ, ಸಂಗೀತ ಅಂತ ಊರಲ್ಲಿ ನಾಲ್ಕು ಜನ ಗೌರವ ಕೊಡುತ್ತಾರೆ. ಆದರೆ ನನಗೆ ಬೋನಿ ಎಂ ಅನ್ನೋ ವಿದೇಶಿ ತಂಡದ ಇಂಗ್ಲಿಷ್ ಹಾಡುಗಳೆಂದರೆ ಹುಚ್ಚು. ಅಣ್ಣ ತಂದಿದ್ದ ಕ್ಯಾಸೆಟ್‌ನಿಂದ ಶುರುವಾದದ್ದು. ಮೊನ್ನೆ ಸಹೋದ್ಯೋಗಿಯೊಬ್ಬರು, ‘ಆ ಕುಣಿಯೋ ಗಂಡಸು ಹಾಡೇ ಇಲ್ಲ, ಎಲ್ಲ ಮೋಸ’ ಅಂದರು. ಬಹಳ ಬೇಜಾರಾಯಿತು. ಹೆಸರು ಹಾಕಬೇಡಿ.
– ಚಳ್ಳಕೆರೆ

ಉತ್ತರ: ಹೆಸರು ಹಾಕಿಲ್ಲ. ಆದರೆ ಮುಂದಿನ ಸಲ ನೀವೇ ಹಾಕಿ ಅನ್ನುವಿರಿ ಅಂತ ಆಸೆ.

ನಿಮ್ಮ ಸಹೋದ್ಯೋಗಿ ಹೇಳಿದ್ದು ನಿಜ. ಫ್ರಾಂಕ್ ಫೇರಿಯನ್ ಅಂತ ಜರ್ಮನಿಯ ನಿರ್ಮಾಪಕ. ಬೋನಿ ಎಂ ಹೆಸರಿನ ಮೊದಲ ಹಾಡನ್ನು ಅವನೊಬ್ಬನೇ ಹಾಡಿದ, ದಪ್ಪ ದನಿಯೂ ಅವನದೇ, ಕೀರಲು ದನಿಯೂ ಅವನದೇ. ಹಾಡು ಓಡಿತು. ಟಿವಿಗೆ ಮುಖ ಬೇಕಾಯಿತು. ಆಗ ನಾಲ್ವರನ್ನು ಕೂಡಿಸಿದ. ಕುಣಿಯುತ್ತಿದ್ದ ಬಾಬಿ ಫ್ಯಾರೆಲ್ ಅರೂಬಾ ದ್ವೀಪದವರು, ಸ್ಟುಡಿಯೊದಲ್ಲಿ ಆ ಗಂಡು ದನಿ ಫೇರಿಯನ್‌ದು. ಹೆಣ್ಣು ದನಿ ಜಮೈಕಾದಲ್ಲಿ ಹುಟ್ಟಿದ ಲಿಜ್ ಮಿಚೆಲ್ ಮತ್ತು ಮಾರ್ಸಿಯಾ ಬ್ಯಾರೆಟ್ ಅವರದು. ಕ್ಯಾಸೆಟ್ಟಿನ ಮೇಲೆ ನಾಲ್ವರ ಫೋಟೋ. ಹಾಡಿದವರು ಮೂವರು, ಅವರಲ್ಲೊಬ್ಬ ಫೋಟೋದಲ್ಲೇ ಇಲ್ಲ.

ಈಗ ಹೇಳಿ, ನಮಗೆ ಇದು ಹೊಸದಾ? ರಾಜ್‌ಕುಮಾರ್ ತುಟಿ ಆಡಿಸಿದರು, ಪಿ.ಬಿ. ಶ್ರೀನಿವಾಸ್ ಹಾಡಿದರು. ಟಾಕೀಸಿನಲ್ಲಿ ಕೂತ ಒಬ್ಬನಾದರೂ ಮೋಸ ಅಂದನಾ? ಒಬ್ಬರ ಮೈ, ಇನ್ನೊಬ್ಬರ ದನಿ, ಎರಡೂ ಸೇರಿ ಒಬ್ಬ ಮನುಷ್ಯ ಆಗುವುದು ನಮಗೆ ಅಭ್ಯಾಸ. ಬಾಬಿ ಫ್ಯಾರೆಲ್ ಕುಣಿತವೂ ಕೆಲಸವೇ. ಆ ಕುಣಿತ ಇಲ್ಲದೆ ಆ ದನಿ ಊರೂರು ಸುತ್ತುತ್ತಿರಲಿಲ್ಲ. ಅವರು 2010ರ ಡಿಸೆಂಬರ್ 30ರಂದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ತೀರಿಕೊಂಡರು. ಹಿಂದಿನ ದಿನವೂ ಅಲ್ಲಿ ಪ್ರದರ್ಶನ ಕೊಟ್ಟಿದ್ದರು. 61 ವರ್ಷದ ಮನುಷ್ಯ. ಅದನ್ನು ಮೋಸ ಅನ್ನೋಕೆ ನನಗೆ ಬಾಯಿ ಬರಲ್ಲ. ಒಂದು ಮಾತು ಮಾತ್ರ ಒಪ್ಪುತ್ತೇನೆ. ನಮ್ಮಲ್ಲಿ ಹಾಡಿದವರ ಹೆಸರು ಕ್ಯಾಸೆಟ್ಟಿನ ಮೇಲೆ ದೊಡ್ಡದಾಗಿ ಇರುತ್ತಿತ್ತು. ಅವರಲ್ಲೂ ಫೋಟೋದಷ್ಟೇ ದೊಡ್ಡದಾಗಿ ಇರಬೇಕಿತ್ತು.

ಇನ್ನು, ಯಾವ ಜಾಗ? ಬ್ಯಾಬಿಲಾನಿನ ನದಿಗಳ ಹಾಡು ನಿಮಗೆ ಗೊತ್ತೇ ಇರುತ್ತೆ. 1978ರಲ್ಲಿ ಇವರು ಹಾಡಿದ್ದು. ಜಮೈಕಾದ ಮೆಲೋಡಿಯನ್ಸ್ ಅನ್ನುವವರು 1970ರಲ್ಲೇ ಹಾಡಿದ್ದರು. ಮಾತುಗಳು ಹೆಚ್ಚಾಗಿ ಬೈಬಲ್ಲಿನ 137ನೇ ಕೀರ್ತನೆಯವು. ಸೆರೆಸಿಕ್ಕವರನ್ನು ಹಿಡಿದುಕೊಂಡು ಹೋದವರು ‘ನಿಮ್ಮೂರ ಹಾಡು ಹಾಡಿ’ ಅನ್ನುತ್ತಾರೆ. ಪರದೇಶದಲ್ಲಿ ಹೇಗೆ ಹಾಡೋದು ಅಂತ ಇವರು ಅಳುತ್ತಾರೆ. ಆ ಅರ್ಥ ನನಗೆ ಗೊತ್ತಿರಲಿಲ್ಲ. ಚರ್ಚಿಗೆ ಹೋಗುವ ಗಿರಾಕಿಯೊಬ್ಬರು ಅಂಗಡಿಯಲ್ಲಿ ನಿಂತು ಸಾಲು ಸಾಲಾಗಿ ಹೇಳಿದ ಮೇಲೆ ಮತ್ತೆ ಹಾಕಿ ಕೇಳಿದೆ. ಮಾತು ಶುರುವಾಗೋಕೆ ಮುಂಚೆ ಬಾಯಿ ಮುಚ್ಚಿದ ಹಾಗೆ ಎಲ್ಲರೂ ಸೇರಿ ‘ಹ್ಮ್ಮ್’ ಅನ್ನುತ್ತಾರಲ್ಲ, ಅಲ್ಲಿ ನನಗೆ ಗಂಟಲು ಕಟ್ಟಿತು. ನಿಮ್ಮ ಸಹೋದ್ಯೋಗಿಗೆ ಆ ಒಂದು ಜಾಗ ಕೇಳಿಸಿ, ಆಮೇಲೆ ಮಾತಾಡಿ.

ಪ್ರಶ್ನೆ: ಮಗ ಟ್ರ್ಯಾಕ್ಟರ್ ಓಡಿಸುತ್ತಾನೆ. ಅದಕ್ಕೆ ದೊಡ್ಡ ಬಾಕ್ಸ್ ಕೂರಿಸಿ ಆ ಡಿಜೆ ಜಾನಪದ ಹಾಡುಗಳನ್ನೇ ದಿನವಿಡೀ ಹಾಕುತ್ತಾನೆ. ನಾನು ಹಳೇ ಸಿನಿಮಾ ಹಾಡು ಕೇಳಿ ಬೆಳೆದವಳು. ಇದನ್ನು ಸಂಗೀತ ಅಂತಾರಾ? ಬಿಡಿಸೋದು ಹೇಗೆ?
– ಹೊನ್ನಾಳಿ ತಾಲ್ಲೂಕಿನಿಂದ ಒಬ್ಬ ತಾಯಿ

ಉತ್ತರ: ಅಕ್ಕಾ, ನೀವು ಕೇಳಿ ಬೆಳೆದ ಆ ಹಳೇ ಸಿನಿಮಾ ಹಾಡಿಗೂ ಇದೇ ಮಾತು ಬಂದಿತ್ತು. 1952ರಲ್ಲಿ ಬಿ.ವಿ. ಕೇಸ್ಕರ್ ಕೇಂದ್ರದ ಮಂತ್ರಿ ಆದ ಮೇಲೆ ಆಕಾಶವಾಣಿಯಲ್ಲಿ ಸಿನಿಮಾ ಹಾಡು ಹೆಚ್ಚುಕಡಿಮೆ ನಿಂತೇಹೋಯಿತು. ಅದು ಕೀಳು ಅಂತ. ಜನ ಸುಮ್ಮನಿದ್ದರಾ? ಮುಳ್ಳು ತಿರುಗಿಸಿ ರೇಡಿಯೊ ಸಿಲೋನ್ ಹಿಡಿದರು. ಕೊನೆಗೆ 1957ರಲ್ಲಿ ಸರ್ಕಾರವೇ ವಿವಿಧ ಭಾರತಿ ಶುರು ಮಾಡಿತು. ಈಗ ಅವೇ ಹಾಡಿಗೆ ‘ಮಧುರ ಗೀತೆ’ ಅನ್ನುತ್ತೇವೆ.

ನನ್ನ ಕಿವಿಯ ಮಾತು ಹೇಳುತ್ತೇನೆ. ನನಗೂ ಅವು ನಾಲ್ಕನೇ ಹಾಡಿಗೆ ಸಾಕಾಗುತ್ತವೆ. ತಾಳ ಎಲ್ಲದಕ್ಕೂ ಒಂದೇ. ಕೆಲವು ಹಾಡಿನ ಮಾತು ಮನೆಯಲ್ಲಿ ಹೆಣ್ಣುಮಕ್ಕಳ ಮುಂದೆ ಹಾಕುವಂಥವಲ್ಲ, ಅದನ್ನು ಮಗನಿಗೆ ನೇರವಾಗಿ ಹೇಳಿ. ಆದರೆ ನಮ್ಮ ಮಾತಲ್ಲೇ, ನಮ್ಮ ಹೊಲ, ಸಂತೆ, ಜಾತ್ರೆ, ಬಸ್ ಸ್ಟ್ಯಾಂಡಿನ ಹೆಸರು ಹಿಡಿದು ಹಾಡುವವರು ಈಗ ಅವರೇ. ಇಪ್ಪತ್ತು ವರ್ಷದ ಹುಡುಗನಿಗೆ ತನ್ನ ಊರಿನ ಮಾತು ಹಾಡಲ್ಲಿ ಕೇಳಿದರೆ ಹೇಗಾಗಬೇಡ?

ಬಿಡಿಸೋಕೆ ಹೋಗಬೇಡಿ. ಬುತ್ತಿ ತಗೊಂಡು ಹೋದಾಗ ಹೊಲದ ಬದುವಿನ ಮೇಲೆ ಕೂತು, ‘ನಿನಗೆ ಎಲ್ಲಕ್ಕಿಂತ ಇಷ್ಟದ್ದು ಒಂದು ಹಾಕು, ಯಾವ ಜಾಗ ಚೆಂದ ಹೇಳು’ ಅನ್ನಿ. ಪೂರ್ತಿ ಕೇಳಿ, ನಡುವೆ ಏಳಬೇಡಿ. ಆಮೇಲೆ ನಿಮ್ಮದೊಂದು ಹಾಕಿಸಿ. ಬಾಕ್ಸಿನ ಸದ್ದು ಅರ್ಧಕ್ಕೆ ಇಳಿಸು ಅಂತಲೂ ಆಗಲೇ ಹೇಳಿ. ಅದು ಕಿವಿಯ ವಿಚಾರ. ಹೋದ ಕಿವಿ ತಿರುಗಿ ಬರಲ್ಲ.

ಪ್ರಶ್ನೆ: ನಮ್ಮಜ್ಜ ಊರಿನ ‘ಕುರುಕ್ಷೇತ್ರ’ ನಾಟಕದಲ್ಲಿ ದುರ್ಯೋಧನ ಮಾಡುತ್ತಿದ್ದರು. 1986ರಲ್ಲಿ ಯಾರೋ ಟೇಪಿಗೆ ಹಿಡಿದಿದ್ದ ಎರಡು ಕ್ಯಾಸೆಟ್ ಅಟ್ಟದ ಮೇಲೆ ಸಿಕ್ಕಿವೆ. ಒಳಗೆ ಬಿಳಿ ಬೂಷ್ಟು. ಮನೆಯಲ್ಲಿ ‘ಆ ಕೂಗಾಟ ಯಾರು ಕೇಳ್ತಾರೆ, ಎಸಿ’ ಅನ್ನುತ್ತಾರೆ. ನನಗೆ ಎಸೆಯೋಕೆ ಮನಸ್ಸಿಲ್ಲ. ಉಳಿಸಬಹುದಾ?
– ಜಗಳೂರು

ಉತ್ತರ: ಉಳಿಸಬಹುದು. ಎಸೆಯಬೇಡಿ, ಬಿಸಿಲಿಗೂ ಇಡಬೇಡಿ. ಮುಖ್ಯವಾಗಿ, ಪ್ಲೇಯರಿಗೆ ಹಾಕಿ ನೋಡೋಣ ಅಂತ ಈಗಲೇ ಗುಂಡಿ ಒತ್ತಬೇಡಿ. ಬೂಷ್ಟು ಹಿಡಿದ ಟೇಪು ಅಂಟಿಕೊಂಡು ಹರಿಯುತ್ತೆ, ಪ್ಲೇಯರಿನೊಳಗೆ ಟೇಪು ಸವರಿಕೊಂಡು ಹೋಗುವ ಹೆಡ್ಡಿಗೂ ಬೂಷ್ಟು ಮೆತ್ತುತ್ತೆ, ಅಲ್ಲಿಂದ ಬೇರೆ ಕ್ಯಾಸೆಟ್ಟಿಗೂ ಹತ್ತುತ್ತೆ.

ಮೊದಲು ಕ್ಯಾಸೆಟ್ಟಿನ ಮೇಲೆ ಏನು ಬರೆದಿದೆ ನೋಡಿ. 60 ಅಂತ ಇದ್ದರೆ ಬದಿಗೆ ಅರ್ಧ ಗಂಟೆ, ಟೇಪು ಗಟ್ಟಿ. 90 ಅಂದ್ರೆ ಮುಕ್ಕಾಲು ಗಂಟೆ. 120 ಅಂತ ಇದ್ದರೆ ಟೇಪು ಬಲು ತೆಳು, ಕೈಯೇ ಹಾಕಬೇಡಿ, ಗೊತ್ತಿದ್ದವರಿಗೆ ಕೊಡಿ. ಮೇಲಂಚಿನ ಹಿಂಬದಿಯಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ಕಿವಿ ಇರುತ್ತವೆ. ಅವನ್ನು ಮುರಿದುಬಿಡಿ. ಆಗ ಯಾರಾದರೂ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಜ್ಜನ ದನಿ ಅಳಿಯಲ್ಲ.

ಮನೆ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಪೆನ್ಸಿಲ್ ತೂರಿಸಿ ನಿಧಾನ ಸುತ್ತಬೇಕು. ಇನ್ನೊಂದು ಕೈಯಲ್ಲಿ ಒಣಗಿದ ಮೆತ್ತನೆಯ ಹತ್ತಿಬಟ್ಟೆ, ಟೇಪು ಅದಕ್ಕೆ ಸವರಿಕೊಂಡು ಹೋಗಲಿ. ನೀರು ಬೇಡ. ಎಲ್ಲಾದರೂ ಬಿಗಿ ಅನಿಸಿದರೆ ನಿಲ್ಲಿಸಿ. ಡಬ್ಬಿ ಸೊಟ್ಟಗಾಗಿದ್ದರೆ, ಐದು ಸ್ಕ್ರೂ ಇರುವ ಖಾಲಿ ಕ್ಯಾಸೆಟ್ ಬಿಚ್ಚಿ, ನಿಮ್ಮ ಎರಡು ಉರುಳೆಗಳನ್ನು ಅದರೊಳಗೆ ಕೂರಿಸಬಹುದು. ಈ ಕೆಲಸ ನಾನು ನೂರಾರು ಸಲ ಮಾಡಿದ್ದೇನೆ, ಆತುರ ಇಲ್ಲದ ಕೈ ಬೇಕು ಅಷ್ಟೇ. ಆಮೇಲೆ ಹೆಡ್ ಒರೆಸಿದ ಪ್ಲೇಯರ್, ಅದರಿಂದ ಕಂಪ್ಯೂಟರಿಗೆ ಒಂದು ವಯರು. ಮೊದಲ ಸಲ ಓಡಿಸುವಾಗಲೇ ಕಂಪ್ಯೂಟರಿಗೆ ತುಂಬಿಸಿಬಿಡಿ. ಎರಡನೇ ಸಲ ಓಡುತ್ತೋ ಇಲ್ಲವೋ, ಹೇಳೋಕೆ ಬರಲ್ಲ.

ಒಂದು ಮಾತು. ಪದಗಳು ಮಾತ್ರ ಸಾಕು, ನಡುವಿನ ಗಲಾಟೆ ಬೇಡ ಅಂತ ಕತ್ತರಿಸಬೇಡಿ. ಊರ ನಾಟಕದ ಟೇಪಿನಲ್ಲಿ ಅಜ್ಜ ಹಾಡು ಮುಗಿಸಿದ ಕೂಡಲೇ ‘ವನ್ಸ್ ಮೋರ್’ ಕೂಗು ಇರುತ್ತೆ. ಹಾರ್ಮೋನಿಯಂ ಮಾಸ್ತರು ತಿರುಗಿ ಶ್ರುತಿ ಹಿಡಿಯುತ್ತಾರೆ. ಐದು ರೂಪಾಯಿ ಆಯೇರಿ ಕೊಟ್ಟವರ ಹೆಸರನ್ನು ಮೈಕಿನಲ್ಲಿ ಓದುತ್ತಾರೆ. ಆ ಹೆಸರಿನವರು ಎಷ್ಟೋ ಜನ ಈಗ ಇಲ್ಲ. ಅವರ ಮಕ್ಕಳು ನಿಮ್ಮೂರಲ್ಲೇ ಇರಬಹುದು.

ಹೆಡ್ ಸರಿಯಿರುವ ಒಂದು ಕ್ಯಾಸೆಟ್ ಡೆಕ್ ನನ್ನ ಹತ್ತಿರ ಇನ್ನೂ ಇದೆ, ವಾರಕ್ಕೊಮ್ಮೆ ಓಡಿಸುತ್ತೇನೆ. ಪತ್ರಿಕೆಯ ವಿಳಾಸಕ್ಕೆ ಬರೆಯಿರಿ, ದಿನ ಗೊತ್ತು ಮಾಡೋಣ. ಕ್ಯಾಸೆಟ್ ಪೋಸ್ಟಿಗೆ ಹಾಕಬೇಡಿ. ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತನ್ನಿ. ‘ಎಸಿ’ ಅಂದವರನ್ನೂ ಕರೆದುಕೊಂಡು ಬನ್ನಿ.